ಕೋಣೆಯಲ್ಲಿ ಜನ ಇದ್ದಾರಾ ಅಂತ ಕಟ್ಟಡಕ್ಕೆ ಗೊತ್ತಾಗಿದ್ದು ಹೇಗೆ?

ಖಾಲಿ ಕೋಣೆಯಲ್ಲಿ ಲೈಟು, ಫ್ಯಾನು ಓಡಬಾರದು. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಬರುವಾಗ ಸ್ವಿಚ್ ಆರಿಸು ಅಂತ ಹೇಳಿಸಿಕೊಂಡೇ ನಾವೆಲ್ಲ ಬೆಳೆದವರು. ಮನೆಯಲ್ಲಿ ಇದು ಹೇಗೋ ನಡೆಯುತ್ತದೆ, ಯಾಕೆಂದರೆ ಸ್ವಿಚ್ ಒತ್ತುವವರೂ ಬಿಲ್ ಕಟ್ಟುವವರೂ ಒಂದೇ ಮನೆಯವರು. ನೂರಾರು ಜನ ಬಂದು ಹೋಗುವ ಆಫೀಸಿನಲ್ಲಿ, ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ ಸ್ವಿಚ್ ಯಾರ ಜವಾಬ್ದಾರಿ? ಈಗ ಎಲ್ಲೆಲ್ಲೂ ಚಾವಣಿಯಲ್ಲಿ ಕಾಣುವ ಪುಟ್ಟ ಬಿಳಿ ಸೆನ್ಸರ್‌ಗಳ ಕಥೆಯೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆದಿದೆ.

ಕಥೆ ಶುರುವಾಗುವುದು ಒಂದು ಶಾಲೆಯಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಶಾಲೆ ಇತ್ತು. ವಾರನ್ ಜಾನ್ಸನ್ ಅಲ್ಲಿ ಮೇಷ್ಟ್ರು. ಚಳಿ ಊರು, ನೆಲಮಾಳಿಗೆಯಲ್ಲಿ ಒಲೆ ಉರಿಸಿ ಕೊಠಡಿಗಳನ್ನು ಬೆಚ್ಚಗಿಡಬೇಕು. ಅದಕ್ಕಾಗಿ ಶಾಲೆಯ ಜವಾನ ಪಾಠದ ಮಧ್ಯೆಯೇ ಒಂದೊಂದು ತರಗತಿಗೂ ಬಂದು, ಥರ್ಮಾಮೀಟರ್ ನೋಡಿ, ಮತ್ತೆ ಕೆಳಗಿಳಿದು ಗಾಳಿಯ ಬಾಗಿಲು ತಿರುಗಿಸಬೇಕಿತ್ತು. ಪಾಠಕ್ಕೆ ಅಡ್ಡಿಯಾಗುತ್ತಿದ್ದ ಈ ಓಡಾಟ ತಪ್ಪಿಸಲು ಜಾನ್ಸನ್ ಒಂದು ವಿದ್ಯುತ್ ಥರ್ಮೋಸ್ಟಾಟ್ ಮಾಡಿದರು. ಕೊಠಡಿಯ ಬಿಸಿ ಏರುಪೇರಾದರೆ ಕೆಳಗೆ ಗಂಟೆ ಬಾರಿಸುತ್ತಿತ್ತು. 1883ರಲ್ಲಿ ಪೇಟೆಂಟ್ ಸಿಕ್ಕಿತು, 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ ಶುರುವಾಯಿತು. ಇವತ್ತಿನ ಜಾನ್ಸನ್ ಕಂಟ್ರೋಲ್ಸ್ ಅದೇ.

ಅಲ್ಲಿಂದ ಕಟ್ಟಡಕ್ಕೆ ಬಿಸಿ ತಂಪು ಗೊತ್ತಾಗತೊಡಗಿತು. ಒಳಗೆ ಜನ ಇದ್ದಾರಾ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಅದನ್ನು ತಿಳಿಯುವ ಉಪಾಯ ಬಂದದ್ದು ಕಳ್ಳರ ಕಾರಣಕ್ಕೆ. 1950ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಬ್ಯಾಗ್ನೋ ಎಂಬ ಅಮೆರಿಕದ ಸಂಶೋಧಕರು ನಮ್ಮ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಕೋಣೆಗೆ ಹರಿಬಿಟ್ಟು, ವಾಪಸ್ ಬರುವ ಅಲೆಯಲ್ಲಿ ಆಗುವ ಬದಲಾವಣೆಯಿಂದ ಒಳಗೆ ಏನೋ ಅಲುಗಾಡಿತು ಎಂದು ಕಂಡುಹಿಡಿಯುವ ಅಲಾರಂ ಮಾಡಿದರು. ಯಾರೂ ಇರಬಾರದ ಕಡೆ ಯಾರೋ ಇದ್ದರೆ ಅದು ಕೂಗಬೇಕು. ಈ ಮೂಲವನ್ನು ಮರೆಯಬಾರದು. ಕಳ್ಳ ಸುಮ್ನೆ ಕೂರುವುದಿಲ್ಲ, ಓಡಾಡುತ್ತಾನೆ. ಆಫೀಸಿನಲ್ಲಿ ಕೆಲಸ ಮಾಡುವವರು ಗಂಟೆಗಟ್ಟಲೆ ಕದಲದೆ ಕೂರುತ್ತಾರೆ. ಓಡಾಟ ಹಿಡಿಯಲು ಹುಟ್ಟಿದ ಯಂತ್ರವನ್ನು ಕೂತವರನ್ನು ಗುರುತಿಸುವ ಕೆಲಸಕ್ಕೆ ಹಾಕಿದ್ದರಿಂದಲೇ ಮುಂದಿನ ಅರ್ಧ ಶತಮಾನದ ಬಹುಪಾಲು ತಕರಾರುಗಳು ಬಂದವು.

ಆ ಕೆಲಸಕ್ಕೆ ಹಾಕುವ ಕಾಲ ಬಂದದ್ದು 1973ರ ಅಕ್ಟೋಬರ್ ನಂತರ. ಅರಬ್ ದೇಶಗಳು ತೈಲ ನಿಲ್ಲಿಸಿದವು, ಬ್ಯಾರಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಅಲ್ಲಿಯವರೆಗೆ ದೊಡ್ಡ ಕಟ್ಟಡಗಳಲ್ಲಿ ಇಡೀ ಮಹಡಿಗೆ ಒಂದೇ ಸ್ವಿಚ್ ಇಡುವುದು ಮಾಮೂಲಾಗಿತ್ತು, ಒಬ್ಬರು ತಡವಾಗಿ ಕೂತರೂ ಎಲ್ಲ ಟ್ಯೂಬ್‌ಲೈಟ್ ಉರಿಯಬೇಕು. ಬೆಲೆಯ ಬಿಸಿ ತಟ್ಟಿದ ಮೇಲೆ ಅಮೆರಿಕದ ಎಸಿ ಮತ್ತು ಹೀಟಿಂಗ್ ಎಂಜಿನಿಯರ್‌ಗಳ ಸಂಘ ಆಶ್ರೇ 1975ರಲ್ಲಿ ಕಟ್ಟಡಗಳಿಗೆ ಇಂಧನದ ಮಾನದಂಡ ತಂದಿತು. 1978ರಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ನಿಯಮ ಮಾಡಿತು. ಅಲಾರಂ ಸೆನ್ಸರ್ ಲೈಟಿನ ಸ್ವಿಚ್ ಆಯಿತು.

ಇವತ್ತು ಅತಿ ಹೆಚ್ಚು ಬಳಕೆಯಲ್ಲಿರುವುದು ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಸೆನ್ಸರ್. ಅದು ಏನು ನೋಡುತ್ತದೆ ಅಂತ ತಿಳಿದರೆ ಅದರ ಅರ್ಧ ಸಮಸ್ಯೆ ಅರ್ಥವಾಗುತ್ತದೆ. ನಮ್ಮ ಮೈಯಿಂದ ಸದಾ ಕಣ್ಣಿಗೆ ಕಾಣದ ಶಾಖದ ಕಿರಣ ಹೊರಡುತ್ತಿರುತ್ತದೆ. ಸೆನ್ಸರ್ ಒಳಗೆ ಆ ಶಾಖಕ್ಕೆ ಸ್ಪಂದಿಸುವ ಎರಡು ಪುಟ್ಟ ತುಂಡುಗಳಿರುತ್ತವೆ. ಎರಡಕ್ಕೂ ಒಂದೇ ಸಮ ಶಾಖ ಬಿದ್ದರೆ ಲೆಕ್ಕ ಸರಿಹೋಗಿ ಸೆನ್ಸರ್ ಸುಮ್ಮನಿರುತ್ತದೆ. ಯಾರಾದರೂ ಅಡ್ಡ ಹಾದರೆ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಶಾಖ ತಾಗುತ್ತದೆ, ಆ ವ್ಯತ್ಯಾಸವೇ ಸಿಗ್ನಲ್. ಮುಂದಿರುವ ಪ್ಲಾಸ್ಟಿಕ್ ಗುಮ್ಮಟ ಕೋಣೆಯನ್ನು ಸೀಳು ಸೀಳಾಗಿ ಹಂಚುವ ಫ್ರೆನೆಲ್ ಲೆನ್ಸ್. 19ನೇ ಶತಮಾನದಲ್ಲಿ ಫ್ರಾನ್ಸಿನ ಫ್ರೆನೆಲ್ ದೀಪಸ್ತಂಭಗಳಿಗೆಂದು ರೂಪಿಸಿದ ಲೆನ್ಸ್ ಅದು. ಹಾಗಾಗಿ ಅಡ್ಡ ನಡೆದರೆ ಬೇಗ ತಿಳಿಯುತ್ತದೆ, ನೇರ ಎದುರಿಗೆ ಬಂದರೆ ತಡವಾಗುತ್ತದೆ, ಕದಲದೆ ಕೂತರೆ ತಿಳಿಯುವುದೇ ಇಲ್ಲ. ಗಾಜಿನಾಚೆ ಅದಕ್ಕೆ ಏನೂ ಕಾಣದು. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಅಂತರ ಇದ್ದರಷ್ಟೇ ಇದು ಚುರುಕು. ರಾಯಚೂರು, ಕಲಬುರಗಿಯ ಏಪ್ರಿಲ್ ಮೇ ತಿಂಗಳಲ್ಲಿ ಗೋಡೆಯೇ ಮೈಯಷ್ಟು ಕಾದಿರುವಾಗ, ಎಸಿ ಇಲ್ಲದ ಕೋಣೆಯಲ್ಲಿ ಅದರ ಕಣ್ಣು ಮಂಜಾಗುತ್ತದೆ. ಹಾಗಂತ ಶಬ್ದದ ಅಲೆಯ ಅಥವಾ ರಾಡಾರ್ ಸೆನ್ಸರ್ ಹಾಕಿದರೆ, ತಿರುಗುವ ಫ್ಯಾನನ್ನೇ ಮನುಷ್ಯ ಅಂದುಕೊಳ್ಳುವ ಅಪಾಯ ಇದೆ.

ಟಾಯ್ಲೆಟ್ಟಿನಲ್ಲಿ ಲೈಟ್ ಆರಿ ಕತ್ತಲಲ್ಲಿ ಕೈ ಬೀಸಬೇಕಾಗುವುದೂ ಕದಲದೆ ಕೂತವರು ಸೆನ್ಸರ್‌ಗೆ ಕಾಣದ ಕಾರಣಕ್ಕೇ, ಅಲ್ವಾ? ಪರಿಹಾರವಾಗಿ ಬಂದದ್ದು ಕಾಯುವ ಸಮಯ. ಕೊನೆಯ ಅಲುಗಾಟದ ನಂತರ ಇಂತಿಷ್ಟು ನಿಮಿಷ ಬಿಟ್ಟು ಆರಿಸು ಅಂತ. ಟ್ಯೂಬ್‌ಲೈಟನ್ನು ಪದೇ ಪದೇ ಹಚ್ಚಿ ಆರಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತಿತ್ತು, ಅದಕ್ಕೂ ಈ ಸಮಯವನ್ನು ಉದ್ದ ಇಡುತ್ತಿದ್ದರು. ಎಲ್‌ಇಡಿಗೆ ಆ ಕಷ್ಟ ಇಲ್ಲ. ಆದರೂ ಹಳೆಯ ಅಭ್ಯಾಸದಲ್ಲಿ ಎಷ್ಟೋ ಕಡೆ ಅರ್ಧ ಗಂಟೆ ಇಟ್ಟುಬಿಡುತ್ತಾರೆ, ಉಳಿತಾಯ ಅಲ್ಲೇ ಸೋರಿಹೋಗುತ್ತದೆ.

ಉಳಿತಾಯ ನಿಜಕ್ಕೂ ಎಷ್ಟು? 2000ದ ಹೊತ್ತಿಗೆ ಅಮೆರಿಕದಲ್ಲಿ 60 ಕಟ್ಟಡಗಳ 158 ಕೋಣೆಗಳಲ್ಲಿ ಅಳೆದು ನೋಡಿದ್ದರು. ಶೌಚಾಲಯ ಮತ್ತು ತರಗತಿಗಳಲ್ಲಿ ಲೈಟಿನ ಕರೆಂಟ್ ಹೆಚ್ಚುಕಡಿಮೆ ಅರ್ಧ ಉಳಿಯಬಹುದಿತ್ತು, ಒಬ್ಬರೇ ಕೂರುವ ಆಫೀಸ್ ಕೋಣೆಯಲ್ಲಿ ಮೂರನೇ ಒಂದು ಭಾಗದಷ್ಟು. ಆಮೇಲೆ ಅಲ್ಲಿನ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ 24% ಬಂತು. ನನ್ನ ಮಟ್ಟಿಗೆ ಈ ಅಂಕಿಗಳು ಹೇಳುವುದು ಇಷ್ಟೇ: ಯಾರದ್ದೂ ಅಲ್ಲದ ಜಾಗದಲ್ಲಿ ಸೆನ್ಸರ್ ಹೆಚ್ಚು ದುಡಿಯುತ್ತದೆ. ತನ್ನದು ಅನ್ನಿಸುವ ಕೋಣೆಯಲ್ಲಿ ಜನ ತಾವೇ ಸ್ವಿಚ್ ಆರಿಸುತ್ತಾರೆ.

ಲೈಟಿನ ಲೆಕ್ಕ ಸುಲಭ. ಗಾಳಿಯ ವಿಷಯ ಹಾಗಲ್ಲ. 1858ರಲ್ಲೇ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್, ಜನ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ 1,000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸಾವಿರ ಭಾಗ) ದಾಟಿದರೆ ಒಳಗಿನ ಗಾಳಿ ಕೆಟ್ಟಿದೆ ಅಂತ ಲೆಕ್ಕ ಹಾಕಿದ್ದರು. ತೈಲದ ಬಿಕ್ಕಟ್ಟಿನ ಗಾಬರಿಯಲ್ಲಿ ಈ ಪಾಠ ಬದಿಗೆ ಸರಿಯಿತು. ಕರೆಂಟ್ ಉಳಿಸಲು ಹೊರಗಿನ ಗಾಳಿಯನ್ನೇ ಕಡಿತ ಮಾಡಿದರು. ಆಶ್ರೇಯ 1981ರ ನಿಯಮದಲ್ಲಿ ಆಫೀಸಿನಲ್ಲಿ ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿ ಗಾಳಿ ಸಾಕು ಅಂತ ಇತ್ತು. ಎಂಬತ್ತರ ದಶಕದಲ್ಲಿ ತಲೆನೋವು, ಕಣ್ಣುರಿ, ಸುಸ್ತು ಅಂತ ದೂರುಗಳು ಬಂದವು, 'ಸಿಕ್ ಬಿಲ್ಡಿಂಗ್' ಅನ್ನುವ ಹೆಸರೂ ಬಂತು. 1989ರಲ್ಲಿ ಕನಿಷ್ಠ ಮಟ್ಟವನ್ನು 15ಕ್ಕೆ ಏರಿಸಿದರು. ಈಗ ಸಭಾಂಗಣ, ಮೀಟಿಂಗ್ ರೂಮ್‌ಗಳಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ಇಟ್ಟು, ಜನ ಜಾಸ್ತಿಯಾದಂತೆ ಗಾಳಿ ಜಾಸ್ತಿ ಬಿಡುವ ಏರ್ಪಾಡು ಹುಟ್ಟಿದ್ದು ಈ ಪೆಟ್ಟಿನಿಂದ. ಕರೆಂಟ್ ಉಳಿಸುವ ಹೆಸರಿನಲ್ಲಿ ಜನರ ಆರೋಗ್ಯ ಹಿಂಡುವ ಕೆಲಸ ಮತ್ತೊಮ್ಮೆ ಆಗಬಾರದು.

ಇನ್ನು ತಂಪು. ಒಳಗೆ ಜನ ಇದ್ದಾರೆ ಅಂತ ಗೊತ್ತಾಯಿತು ಅಂದುಕೊಳ್ಳಿ, ಅವರಿಗೆ ಎಷ್ಟು ಡಿಗ್ರಿ ಹಿತ? 1970ರಲ್ಲಿ ಡೆನ್ಮಾರ್ಕಿನ ಓಲೆ ಫ್ಯಾಂಗರ್ ಇದಕ್ಕೊಂದು ಸೂತ್ರ ಕೊಟ್ಟರು, ಜಗತ್ತಿನ ಮಾನದಂಡಗಳು ಅದನ್ನೇ ಹಿಡಿದವು. ಆದರೆ ಮೈ ಎಷ್ಟು ಶಾಖ ಹುಟ್ಟಿಸುತ್ತದೆ ಅನ್ನುವ ಮೂಲ ಲೆಕ್ಕದಲ್ಲಿ ಇದ್ದದ್ದು 40 ವರ್ಷದ, 70 ಕೆಜಿ ತೂಕದ ಒಬ್ಬ ಗಂಡಸು. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು ಈ ಲೆಕ್ಕ ಹೆಂಗಸರ ಮಟ್ಟಿಗೆ 35%ವರೆಗೂ ಹೆಚ್ಚು ತೋರಿಸಬಹುದು ಅಂತ ತೋರಿಸಿದರು. ಎಸಿ ಆಫೀಸಿನಲ್ಲಿ ಶಾಲು ಹೊದ್ದು ಕೂರುವ ಹೆಂಗಸರು ಇದನ್ನು ಮೊದಲಿಂದಲೂ ಹೇಳುತ್ತಲೇ ಇದ್ದರು.

ನಮ್ಮವರ ಲೆಕ್ಕ ನಮ್ಮಲ್ಲೇ ಅಳೆಯಬೇಕು ಅಂತ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ ಮತ್ತು ತಮ್ಮ ಊರಿನ ಆಫೀಸುಗಳಲ್ಲಿ 6,000ಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿದರು. ಕಿಟಕಿ ತೆರೆದ, ಫ್ಯಾನ್ ಇರುವ ಕಟ್ಟಡಗಳಲ್ಲಿ ಹೊರಗಿನ ಹವೆಗೆ ತಕ್ಕಂತೆ ಜನರ ಹಿತವೂ ಬದಲಾಗುತ್ತದೆ, ಬೇಸಿಗೆಯಲ್ಲಿ 28 ಡಿಗ್ರಿ ದಾಟಿದರೂ ಆರಾಮ ಅನ್ನುತ್ತಾರೆ ಅಂತ ತಿಳಿದುಬಂತು. ಬೆಂಗಳೂರಿನ ಹವೆಯಲ್ಲಿ ಕಿಟಕಿ ಮುಚ್ಚಿ, 20 ಡಿಗ್ರಿಗೆ ಎಸಿ ಹಾಕಿ, ಅದರ ಮೇಲೆ ಸೆನ್ಸರ್ ಕೂರಿಸಿ ಉಳಿತಾಯ ಅನ್ನುವುದನ್ನು ನಾನು ಒಪ್ಪಲಾರೆ. ಮೊದಲು ಕಿಟಕಿ, ಆಮೇಲೆ ಫ್ಯಾನ್, ಆಮೇಲೆ ಎಸಿ.

ಜನ ಇದ್ದಾರಾ ಅನ್ನುವ ಪ್ರಶ್ನೆ ಯಾರಿದ್ದಾರೆ ಅನ್ನುವ ಕಡೆಗೆ ಜಾರಿದ್ದೂ ಈಚೆಗೆ. 2016ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯವರು ಬೆಳಗ್ಗೆ ಕೆಲಸಕ್ಕೆ ಬಂದಾಗ ಮೇಜುಗಳ ಕೆಳಗೆ ಶಾಖ, ಚಲನೆ ಹಿಡಿಯುವ ಡಬ್ಬಿಗಳಿದ್ದವು. ಕಟ್ಟಡದ ಇಂಧನ ಉಳಿಸಲು ಅಂತ ಆಡಳಿತ ಹೇಳಿತು. ಪತ್ರಕರ್ತರ ಸಂಘ ಗಟ್ಟಿಯಾಗಿ ವಿರೋಧಿಸಿತು, ಅದೇ ದಿನ ತೆಗೆದರು. 2022ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲೂ ಮೇಜಿನಡಿಯ ಸೆನ್ಸರ್‌ಗಳನ್ನು ವಿದ್ಯಾರ್ಥಿಗಳೇ ಕಿತ್ತರು. ಲೈಟ್ ಆರಿಸಲು ಮೇಜು ಮೇಜಿನ ಲೆಕ್ಕ ಬೇಕಿಲ್ಲ. ಕೋಣೆಗೊಂದು ಸೆನ್ಸರ್ ಸಾಕು, ಅದರ ದಾಖಲೆ ಯಾರ ಹಾಜರಿ ಪುಸ್ತಕಕ್ಕೂ ಹೋಗಬಾರದು.

ನಮ್ಮ ದೇಶದಲ್ಲಿ ಇಂಧನ ದಕ್ಷತಾ ಬ್ಯೂರೋ 2007ರಲ್ಲಿ ವಾಣಿಜ್ಯ ಕಟ್ಟಡಗಳಿಗೆ ಇಸಿಬಿಸಿ ಎಂಬ ಇಂಧನ ಉಳಿತಾಯದ ಸಂಹಿತೆ ತಂದಿತು, 2017ರಲ್ಲಿ ಪರಿಷ್ಕರಿಸಿತು. ಜನ ಹೋದ 15 ನಿಮಿಷದೊಳಗೆ ಸೆನ್ಸರ್ ಲೈಟ್ ಆರಿಸಬೇಕು ಅಂತ 2017ರ ಆವೃತ್ತಿಯಲ್ಲಿದೆ. ಜೊತೆಗೆ ಇನ್ನೊಂದು ಸಾಲಿದೆ, ನನಗೆ ಅದೇ ಮುಖ್ಯ: ಸೆನ್ಸರ್ ಇರುವ ಕಡೆ ಗೋಡೆಯಲ್ಲಿ ಕೈಯಿಂದ ಆರಿಸುವ ಸ್ವಿಚ್ಚೂ ಇರಬೇಕು. ಎಷ್ಟೋ ಹೊಸ ಆಫೀಸುಗಳಲ್ಲಿ ಈ ಸ್ವಿಚ್ಚೇ ಕಾಣುವುದಿಲ್ಲ. ಹೊಸದಾಗಿ ಹಾಕಿಸುವವರು ಹಚ್ಚುವ ಕೆಲಸ ಕೈಗೆ, ಆರಿಸುವ ಕೆಲಸ ಸೆನ್ಸರ್‌ಗೆ ಅಂತ ವೈರಿಂಗ್ ಮಾಡಿಸಿ. ಹಗಲು ಬೆಳಕು ಚೆನ್ನಾಗಿದ್ದಾಗ ಕಾಲಿಟ್ಟ ತಕ್ಷಣ ಲೈಟ್ ತಾನಾಗಿ ಹತ್ತುವ ದಂಡ ಅದರಿಂದಲೇ ತಪ್ಪುತ್ತದೆ.