ಸರಂಧ್ರತೆ: ಭಾರಕ್ಕೆ ಮೂಳೆ ಕುಸಿಯುವುದು ಯಾಕೆ?

ಒಂದು ವಸ್ತುವಿನ ಗಾತ್ರದಲ್ಲಿ ಪೊಳ್ಳು ಜಾಗದ ಪಾಲು ಎಷ್ಟು ಅನ್ನುವುದೇ ಸರಂಧ್ರತೆ. ಎಂಜಿನಿಯರುಗಳು ಪೊರಾಸಿಟಿ ಅನ್ನುವುದು ಇದನ್ನೇ. ಮೂಳೆಯಲ್ಲಿ ತೂತು ಇರುವುದು ರೋಗವೇನಲ್ಲ. ಹೊರಗಿನ ಗಟ್ಟಿ ಪದರದಲ್ಲೂ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ತೂತುಗಳಿರುತ್ತವೆ. ರಕ್ತನಾಳಕ್ಕೆ ದಾರಿ ಬೇಕಲ್ವಾ? ಬೆನ್ನುಮೂಳೆಯ ಒಳಗಿನ ಜಾಲರಿಯಲ್ಲಂತೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಜಾಗ ಮಜ್ಜೆಯದ್ದೇ.

ತೊಡೆಮೂಳೆಯ ಗಟ್ಟಿ ಪದರವನ್ನು ಉದ್ದಕ್ಕೆ ಒತ್ತಿದರೆ ಸುಮಾರು 200 ಮೆಗಾಪ್ಯಾಸ್ಕಲ್ ತನಕ ತಡೆಯುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 2 ಟನ್ ಭಾರ! ಎಳೆದರೆ ಅಷ್ಟು ತಾಳುವುದಿಲ್ಲ, ಅಡ್ಡಕ್ಕೆ ಒತ್ತಿದರೂ ಅಷ್ಟೇ. ಬೆನ್ನುಮೂಳೆಯ ಜಾಲರಿ ತಡೆಯುವುದು ಕೆಲವೇ ಮೆಗಾಪ್ಯಾಸ್ಕಲ್.

ತೂತು ಹೆಚ್ಚಿದ ಲೆಕ್ಕದಲ್ಲೇ ಬಲ ಇಳಿಯುತ್ತದೆ ಅಂದುಕೊಳ್ಳಬೇಡಿ. ಜಾಲರಿ ಮೂಳೆಯ ಬಲ ಹೆಚ್ಚುಕಡಿಮೆ ಸಾಂದ್ರತೆಯ ವರ್ಗದಂತೆ, ಅಂದರೆ ಸಾಂದ್ರತೆಯನ್ನು ಅದರಿಂದಲೇ ಗುಣಿಸಿದ ಹಾಗೆ, ಬದಲಾಗುತ್ತದೆ. ಸಾಂದ್ರತೆ ಶೇ. 30ರಷ್ಟು ಇಳಿದರೆ ಬಲ ಅರ್ಧಕ್ಕೆ ಬರುತ್ತದೆ.

ಅದಕ್ಕಿಂತ ಮುಖ್ಯ, ಎಲ್ಲಿ ಸವೆದಿದೆ ಅನ್ನುವುದು. ವಯಸ್ಸಾದಂತೆ ಬೆನ್ನುಮೂಳೆಯ ಜಾಲರಿಯಲ್ಲಿ ಅಡ್ಡ ಕಡ್ಡಿಗಳು ಜಾಸ್ತಿ ಕಳೆದುಹೋಗುತ್ತವೆ, ನೆಟ್ಟಗಿನವು ಉಳಿಯುತ್ತವೆ. ಬಿದಿರಿನ ಸಾರುವೆಯಲ್ಲಿ ಅಡ್ಡ ಗಳಗಳನ್ನು ಬಿಚ್ಚಿದರೆ ನಿಂತ ಗಳ ಬಾಗುತ್ತದಲ್ಲ, ಹಾಗೆ. ಆಧಾರವಿಲ್ಲದ ಉದ್ದ ಎರಡು ಪಟ್ಟಾದರೆ, ತೆಳು ಕಂಬ ಬಾಗದೆ ಹೊರಬಲ್ಲ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಹಾಕಿಕೊಟ್ಟ ಲೆಕ್ಕ. ನನಗೆ ಕೇಳಿದರೆ ಇಡೀ ವಿಷಯದ ತಿರುಳು ಇಲ್ಲೇ ಇದೆ.

ಹಾಗಂತ ತೂತು ಕಡಿಮೆಯಾದರೆ ಸಾಕೇ? ಅದೂ ಅಲ್ಲ. ಮೂಳೆಗೆ ಗಡಸುತನ ಕೊಡುವುದು ಖನಿಜ, ಬಿರುಕು ಹರಡದಂತೆ ಹಿಡಿಯುವುದು ಕೊಲಾಜೆನ್ ಅನ್ನುವ ಪ್ರೋಟೀನಿನ ನಾರು. ಆಸ್ಟಿಯೊಪೆಟ್ರೋಸಿಸ್ ಅನ್ನುವ ಅಪರೂಪದ ಕಾಯಿಲೆಯಲ್ಲಿ ಮೂಳೆ ವಿಪರೀತ ದಟ್ಟವಾಗಿರುತ್ತದೆ, ಆದರೂ ಸುಲಭವಾಗಿ ಮುರಿಯುತ್ತದೆ.

ಮುರಿಯುವ ಬಗೆಯೂ ಬೇರೆಬೇರೆ. ಒತ್ತಿದಾಗ ಗಟ್ಟಿ ಪದರ ಓರೆಯಾಗಿ ಬಿರುಕು ಬಿಡುತ್ತದೆ. ಜಾಲರಿ ಬಾಗಿ, ಜಜ್ಜಿ ಕುಸಿಯುತ್ತದೆ. ಬೆನ್ನುಮೂಳೆಯಲ್ಲಿ ಹೆಚ್ಚಾಗಿ ಮುಂಭಾಗ ಕುಸಿದು ಬೆಣೆಯ ಆಕಾರ ಬರುತ್ತದೆ, ಬೆನ್ನು ಗೂನಾಗುತ್ತದೆ. ಇದಕ್ಕೆ ಬೀಳಲೇಬೇಕೆಂದಿಲ್ಲ. ಬಗ್ಗಿ ನೀರಿನ ಬಕೆಟ್ ಎತ್ತಿದರೂ ಆಗಬಹುದು. ಎಷ್ಟೋ ಜನ ಸುಮ್ನೆ ಬೆನ್ನುನೋವು ಅಂದುಕೊಂಡಿರುತ್ತಾರೆ.

ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಎಕ್ಸ್‌-ರೇ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆಯುವ ಕಾಯಿಲೆ ಅನ್ನುತ್ತಾರೆ. ಆ ಸ್ಕ್ಯಾನ್ ಅಳೆಯುವುದು ಖನಿಜ ಎಷ್ಟಿದೆ ಅಂತ ಮಾತ್ರ. ಅಡ್ಡ ಕಡ್ಡಿಗಳು ಉಳಿದಿವೆಯೋ ಇಲ್ಲವೋ ಅದಕ್ಕೆ ನೇರವಾಗಿ ಕಾಣುವುದಿಲ್ಲ. ಅದಕ್ಕೇ ಡಾಕ್ಟರು ವಯಸ್ಸು, ಹಿಂದೆ ಮೂಳೆ ಮುರಿದಿತ್ತೇ, ಎತ್ತರ ಕಡಿಮೆಯಾಗಿದೆಯೇ ಅಂತೆಲ್ಲ ಕೇಳುವುದು.