ಪಟ್ಟೆ ಇದ್ದಮಾತ್ರಕ್ಕೆ ಮರಳುಗಲ್ಲಲ್ಲ

ಒರಟಾದ ಕೆಂಪು ಕಲ್ಲು ಕಂಡರೆ ಸಾಕು, ನಮ್ಮ ಕಡೆ ಎಷ್ಟೋ ಜನ ಮರಳುಗಲ್ಲು ಅಂದುಬಿಡುತ್ತಾರೆ. ಚಾಮುಂಡಿ ಬೆಟ್ಟದ ನಸುಗೆಂಪು ಬಂಡೆಯನ್ನು ಉಜ್ಜಿದರೆ ಪುಡಿ ಉದುರಬಹುದು, ನಿಜ. ಆದರೆ ಅದು ಗ್ರಾನೈಟ್. ನೆಲದಾಳದಲ್ಲಿ ಕರಗಿದ್ದ ಶಿಲಾಪಾಕ ತಣ್ಣಗಾಗಿ ಹುಟ್ಟಿದ್ದು. ವಯಸ್ಸು ಸುಮಾರು 80 ಕೋಟಿ ವರ್ಷ. ಅಲ್ಲಿನ ನಂದಿಯನ್ನು ಕಡೆದದ್ದೂ ಇದೇ ಬಂಡೆಯಲ್ಲಿ. ಮಂಡ್ಯದ ಕಡೆ ಕಲ್ಲುಕ್ವಾರಿಗಳಲ್ಲಿ ಕಪ್ಪು ಬಿಳಿ ಪಟ್ಟೆಯ ನೈಸ್ ಶಿಲೆ ಸಿಗುತ್ತದೆ. ಅದೂ ಮರಳುಗಲ್ಲಲ್ಲ. ಆ ಪಟ್ಟೆಗಳು ಬಿಸಿ ಮತ್ತು ಒತ್ತಡದಲ್ಲಿ ಖನಿಜಗಳು ಬೇರೆಬೇರೆಯಾಗಿ ಸಾಲುಗಟ್ಟಿದ್ದರಿಂದ ಬಂದವು. ನೀರು ತಂದು ಹಾಸಿದ ಪದರಗಳಲ್ಲ.

ಮರಳುಗಲ್ಲು ಹುಟ್ಟುವುದೇ ಇಂಥ ಹಳೆ ಕಲ್ಲುಗಳು ಪುಡಿಯಾದ ಮೇಲೆ. ಮಳೆ ನೀರಿಗೆ ಸಿಕ್ಕ ಫೆಲ್ಡ್‌ಸ್ಪಾರ್ (ಗ್ರಾನೈಟಿನಲ್ಲಿರುವ ಒಂದು ಖನಿಜ) ನಿಧಾನವಾಗಿ ಜೇಡಿಯಾಗುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ. ಹಾಗಾಗಿ ಹೊಳೆ ದಂಡೆಯ ಮರಳಲ್ಲಿ ಬೆಣಚೇ ಜಾಸ್ತಿ. 2 ಮಿಲಿಮೀಟರ್‌ನಿಂದ ಅದರ ಮೂವತ್ತೆರಡನೇ ಒಂದು ಭಾಗದವರೆಗಿನ ಕಾಳುಗಳನ್ನು ಭೂವಿಜ್ಞಾನಿಗಳು ಮರಳು ಅನ್ನುತ್ತಾರೆ. ಈ ಮರಳು ಹೂತುಹೋಗಿ, ಮೇಲಿನ ಭಾರಕ್ಕೆ ಅದುಮಿಕೊಳ್ಳುತ್ತದೆ. ಕಾಳುಗಳ ಸಂದಿಯಲ್ಲಿ ಹರಿಯುವ ನೀರು ಸಿಲಿಕಾ (ಬೆಣಚಿನದೇ ಅಂಶ), ಸುಣ್ಣ ಅಥವಾ ಕಬ್ಬಿಣದ ಅಂಶವನ್ನು ಬಿಟ್ಟುಹೋಗುತ್ತದೆ. ಅದೇ ಅಂಟು.

ಎಳ್ಳುಂಡೆ ನೆನೆಸಿಕೊಳ್ಳಿ. ಎಳ್ಳು ಅದೇ ಇದ್ದರೂ ಬೆಲ್ಲದ ಪಾಕ ಎಳೆಯದಾದರೆ ಉಂಡೆ ಉದುರುತ್ತದೆ, ಗಟ್ಟಿಯಾದರೆ ಹಲ್ಲಿಗೇ ಕಷ್ಟ. ಮರಳುಗಲ್ಲಿನ ಪಾಕ, ಅಂದರೆ ಆ ಅಂಟು, ಸಿಲಿಕಾ ಆದರೆ ಬಲು ಗಟ್ಟಿ. ಸುಣ್ಣವಾದರೆ ಆಮ್ಲದ ಹನಿಗೆ ನೊರೆ ಬರುತ್ತದೆ. ಕಬ್ಬಿಣವಾದರೆ ಕೆಂಪು. ಅಂದರೆ ಬಣ್ಣ ಬರುವುದು ಹೆಚ್ಚಾಗಿ ಪಾಕದಿಂದ. ಮರಳುಗಲ್ಲು ಬಿಳಿ, ಹಳದಿ ಕೂಡ ಇರುತ್ತದೆ. ಬಣ್ಣ ನೋಡಿ ಕಲ್ಲು ಗುರುತಿಸಬೇಡಿ ಅಂತ ಬಡಿದುಕೊಳ್ಳುವುದು ಇದಕ್ಕೇ! ಹೊಸದಾಗಿ ಒಡೆದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಮರಳುಗಲ್ಲು ಸಾಮಾನ್ಯವಾಗಿ ಪಾಕದಲ್ಲಿ ಬಿರಿಯುತ್ತದೆ, ಕಾಳು ಇಡಿಯಾಗಿ ಉಳಿದು ಕೈಗೆ ತರಿತರಿ ಸಿಗುತ್ತದೆ. ಬಿರುಕು ಕಾಳುಗಳನ್ನೇ ಸೀಳಿಕೊಂಡು ಹೋಗಿದ್ದರೆ ಅದು ಹೆಚ್ಚಾಗಿ ಬಿಸಿ, ಒತ್ತಡಕ್ಕೆ ಸಿಕ್ಕು ಕ್ವಾರ್ಟ್‌ಜೈಟ್ ಆಗಿರುತ್ತದೆ.

ನಿಜವಾದ ಮರಳುಗಲ್ಲಿನ ಸೊಗಸು ನೋಡಬೇಕಾದರೆ ಬಾದಾಮಿಗೇ ಹೋಗಬೇಕು. 578ರ ಶಾಸನವಿರುವ ಮೂರನೇ ಗುಹೆಯನ್ನು ಚಾಲುಕ್ಯರು ಕೊರೆಸಿದ್ದು ಅದರಲ್ಲೇ. ಸೋಮನಾಥಪುರದ ಸೂಕ್ಷ್ಮ ಕೆತ್ತನೆಗೆ ಮಾತ್ರ 'ಸೊಪ್ಪಿನ ರಸ ಹಚ್ಚಿ ಕಲ್ಲು ಕರಗಿಸಿದರು' ಅನ್ನುವ ಕತೆ ಬೇಕಿಲ್ಲ. ಅದು ಬಳಪದ ಕಲ್ಲು, ಮೊದಲೇ ಮೆದು. ಸುಮ್ನೆ ಶಿಲ್ಪಿಯ ಕೈಚಳಕವನ್ನು ಸೊಪ್ಪಿಗೆ ಕೊಟ್ಟರೆ ಹೇಗೆ, ಅಲ್ವಾ?

ಮೈಸೂರಿನ ಟೈಲ್ಸ್ ಅಂಗಡಿಗಳಲ್ಲೂ ಪರೀಕ್ಷೆ ಮಾಡಬಹುದು. ಪಾಲಿಶ್ ಆಗದ ಹಿಂಬದಿಗೆ ಒಂದು ಹನಿ ನೀರು ಬಿಡಿ. ಮರಳುಗಲ್ಲು ಸಾಮಾನ್ಯವಾಗಿ ಹೀರಿಕೊಳ್ಳುತ್ತದೆ, ಪಾಕ ಬಿಗಿಯಿದ್ದರೆ ತುಸು ನಿಧಾನ. ಮುಂಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅನುಮಾನ ಪಡಿ. ಆ ಹೊಳಪು ಗ್ರಾನೈಟಿಗೆ ಬರುತ್ತದೆ, ಮರಳುಗಲ್ಲಿಗೆ ಬರುವುದು ಅಪರೂಪ.