ಟೆಸ್ಟೊಸ್ಟೆರಾನ್ ಕತೆಗೆ ಹೊಟ್ಟೆ ಬಂದು ಸೇರಿದ್ದು ಹೇಗೆ?

ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಲಿಲ್ಲ ಅಂದರೆ ನಮ್ಮಲ್ಲಿ ಹರಕೆ ಹೊರುವವಳು ಹೆಣ್ಣು. ಅಶ್ವತ್ಥಕಟ್ಟೆ ಸುತ್ತುವವಳೂ ಅವಳೇ, ಸ್ಕ್ಯಾನಿಂಗ್‌ಗೆ ಕಾದು ಕೂರುವವಳೂ ಅವಳೇ. ಗಂಡನ ಸರದಿ ಈಗೀಗ ಸ್ವಲ್ಪ ಬೇಗ ಬರುತ್ತಿದೆ. ಆದರೆ ಬಂದ ಕೂಡಲೇ ಗೊಂದಲ. ವೀರ್ಯ ಪರೀಕ್ಷೆಯ ಜೊತೆಗೇ ಷುಗರ್ ಟೆಸ್ಟ್ ಬರೆಯುತ್ತಾರೆ, ಹೊಟ್ಟೆ ಇಳಿಸಿ ಅನ್ನುತ್ತಾರೆ. ಫೋನ್ ತೆರೆದರೆ ಗಂಡಸರ ಹಾರ್ಮೋನು ಟೆಸ್ಟೊಸ್ಟೆರಾನ್ ಹೆಚ್ಚಿಸುವ ಪುಡಿ, ತೂಕ ಇಳಿಸುವ ಇಂಜೆಕ್ಷನ್. ತಿನ್ನುವುದಕ್ಕೂ ಬೀಜಕ್ಕೂ (ವೃಷಣಕ್ಕೂ) ಏನಪ್ಪಾ ನಂಟು ಅಂತ ತಲೆ ಕೆರೆದುಕೊಳ್ಳುವುದು ಸಹಜ, ಅಲ್ವಾ?

ಬೀಜ ಒಡೆಸಿದ ಹೋರಿ ಸಾಧುವಾಗುತ್ತದೆ ಅನ್ನುವುದು ರೈತನಿಗೆ ಯಾವತ್ತೋ ಗೊತ್ತಿತ್ತು. ವಿಜ್ಞಾನ ಅಲ್ಲಿಗೆ ಬಂದದ್ದು 1849ರಲ್ಲಿ. ಜರ್ಮನಿಯ ಬರ್ಥೋಲ್ಡ್ ಹುಂಜಗಳ ಬೀಜ ತೆಗೆದರು, ಜುಟ್ಟು ಬಾಡಿತು. ಬೀಜವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿಟ್ಟರೂ ಸಾಕು, ಜುಟ್ಟು ಮತ್ತೆ ಕೆಂಪಾಯಿತು. ಅಂದರೆ ಬೀಜ ರಕ್ತಕ್ಕೆ ಏನೋ ಬಿಡುತ್ತಿತ್ತು. 1889ರಲ್ಲಿ 72 ವರ್ಷದ ವಿಜ್ಞಾನಿ ಬ್ರೌನ್-ಸೆಕಾರ್ ನಾಯಿ ಮತ್ತು ಗಿನಿ ಹಂದಿಯ ಬೀಜದ ರಸವನ್ನು ತಾವೇ ಚುಚ್ಚಿಕೊಂಡು, ಹರೆಯ ವಾಪಸ್ ಬಂತು ಅಂದರು. ಆ ನೀರುರಸದಲ್ಲಿ ಹಾರ್ಮೋನು ಇದ್ದದ್ದು ಇಲ್ಲವೆನ್ನುವಷ್ಟೇ. 1935ರಲ್ಲಿ ಟೆಸ್ಟೊಸ್ಟೆರಾನ್ ಕೈಗೆ ಸಿಕ್ಕಿತು, 1939ರಲ್ಲಿ ಆ ಸಾಲಿನ ಕೆಲಸಕ್ಕೆ ನೊಬೆಲ್ ಬಂತು. ಅಲ್ಲಿಂದ ಗಂಡಸುತನ ಅಂದರೆ ಬೀಜ, ಬೀಜ ಅಂದರೆ ಟೆಸ್ಟೊಸ್ಟೆರಾನ್ ಅನ್ನುವ ಲೆಕ್ಕ ಗಟ್ಟಿಯಾಯಿತು. ಇವತ್ತಿನ ಪುಡಿ ಡಬ್ಬಿಗಳ ಮೇಲೂ ಅದೇ ಲೆಕ್ಕ.

ಇನ್ಸುಲಿನ್ ಕತೆ ಬೇರೆ ದಾರಿಯಲ್ಲಿ ಹೋಗುತ್ತಿತ್ತು. 1922ರಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಕೊಟ್ಟಾಗಿನಿಂದ ಅದು ಸಕ್ಕರೆ ಕಾಯಿಲೆ ನೋಡುವವರ ಪಾಲು. ಸಕ್ಕರೆ ವಿಭಾಗದವರು ಬೀಜದ ವಿಭಾಗದ ಬಾಗಿಲು ತಟ್ಟಿದ್ದು ಅಪರೂಪ.

ಎರಡೂ ದಾರಿ ಕೂಡಿದ್ದು ಒಂದು ಇಲಿಯಿಂದ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟದ ಭಾಗ ಇದೇ. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ವಿಪರೀತ ಕೊಬ್ಬಿದ ಮರಿಗಳು ಹುಟ್ಟಿದವು. ತಿಂದದ್ದೇ ತಿಂದದ್ದು. ಅವಕ್ಕೆ ಮರಿಗಳೂ ಆಗುತ್ತಿರಲಿಲ್ಲ. ದಪ್ಪ ಇಲಿ, ಮೈ ಭಾರ, ಇನ್ನೆಲ್ಲಿ ಕೂಡೀತು ಅಂತ ಸುಮ್ನೆ ಬಿಟ್ಟುಬಿಡಬಹುದಿತ್ತು. ಅಲ್ಲಿನ ಡಗ್ಲಸ್ ಕೋಲ್ಮನ್ ಹಾಗೆ ಬಿಡಲಿಲ್ಲ. ದಪ್ಪ ಇಲಿಯನ್ನೂ ಸಾಧಾರಣ ಇಲಿಯನ್ನೂ ಪಕ್ಕಕ್ಕೆ ಪಕ್ಕ ಹೊಲಿದು, ರಕ್ತ ಒಂದರಿಂದ ಒಂದಕ್ಕೆ ಹರಿಯುವಂತೆ ಮಾಡಿದರು. ದಪ್ಪ ಇಲಿ ಕಡಿಮೆ ತಿನ್ನತೊಡಗಿತು. ಅಂದರೆ ಸಾಧಾರಣ ಇಲಿಯ ರಕ್ತದಲ್ಲಿ 'ಸಾಕು' ಅನ್ನುವ ಏನೋ ಇದೆ! ಬಹಳ ವರ್ಷ ಈ ಮಾತನ್ನು ಅನೇಕರು ನಂಬಲಿಲ್ಲ. ದಪ್ಪಗಿರುವುದು ಬಾಯಿ ಚಪಲ ಅಂತಲೇ ಲೋಕದ ತೀರ್ಮಾನ. ಈಗಲೂ ಬಹುಪಾಲು ಹಾಗೇ ಇದೆ ಬಿಡಿ.

1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡ ಆ 'ಏನೋ' ಯಾವುದೆಂದು ಹಿಡಿಯಿತು. ಅದೇ ಲೆಪ್ಟಿನ್. ಅದನ್ನು ತಯಾರಿಸುವುದು ಕೊಬ್ಬು. ಅಲ್ಲಿಯವರೆಗೆ ಸುಮ್ಮನೆ ತುಂಬಿಟ್ಟ ಚೀಲ ಅಂದುಕೊಂಡಿದ್ದ ಕೊಬ್ಬು ಮೆದುಳಿಗೆ ವರದಿ ಕಳಿಸುತ್ತಿತ್ತು. ಎರಡು ಮೂರು ವರ್ಷಗಳಲ್ಲೇ ದಪ್ಪ ಇಲಿಗಳಿಗೆ ಲೆಪ್ಟಿನ್ ಚುಚ್ಚಿ ನೋಡಿದರು. ತೂಕ ಇಳಿಯಿತು. ಬಂಜೆಯಾಗಿದ್ದ ಹೆಣ್ಣೂ ಗಂಡೂ ಮರಿ ಮಾಡಿದವು.

ಮನುಷ್ಯರಲ್ಲೂ ಹೀಗೇನಾ? ಟರ್ಕಿಯ ಒಂದು ಕುಟುಂಬದಲ್ಲಿ ಲೆಪ್ಟಿನ್ ಕೊರತೆಯಿದ್ದ 22 ವರ್ಷದ ಯುವಕನಿಗೆ ಇನ್ನೂ ಹರೆಯವೇ ಬಂದಿರಲಿಲ್ಲ ಅಂತ 1998ರಲ್ಲಿ ವರದಿಯಾಯಿತು. ಮುಂದೆ ಲೆಪ್ಟಿನ್ ಕೊಟ್ಟಾಗ ಟೆಸ್ಟೊಸ್ಟೆರಾನ್ ಏರಿತು, ತಡವಾಗಿ ಹರೆಯವೂ ಬಂತು. ಅವನಿಗೆ ಕೊಟ್ಟದ್ದು ಬೀಜದ ಹಾರ್ಮೋನಲ್ಲ, ಕೊಬ್ಬಿನ ಹಾರ್ಮೋನು ಅನ್ನುವುದನ್ನು ಗಮನಿಸಿ.

ಕೆಲಸ ನಡೆಯುವುದು ಹೀಗೆ. ಮೆದುಳಿನ ಹೈಪೊಥಾಲಮಸ್ ಆಗಾಗ ಮಿಡಿದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿ ಹೇಳಿದರೆ ಬೀಜ ಟೆಸ್ಟೊಸ್ಟೆರಾನನ್ನೂ ವೀರ್ಯಾಣುವನ್ನೂ ಮಾಡುತ್ತದೆ. ವಿಚಿತ್ರ ಏನೆಂದರೆ, ಹೈಪೊಥಾಲಮಸ್‌ನಲ್ಲಿ ಆ ಮಿಡಿತ ಕೊಡುವ ನರಕೋಶಗಳಿಗೆ ಲೆಪ್ಟಿನ್ ನೇರವಾಗಿ ಕೇಳಿಸುವುದಿಲ್ಲ. ನಡುವೆ ಮಧ್ಯವರ್ತಿಗಳು ಬೇಕು. 2003ರಲ್ಲಿ ಅವರಲ್ಲಿ ಮುಖ್ಯವಾದದ್ದು ಗೊತ್ತಾಯಿತು: ಕಿಸ್‌ಪೆಪ್ಟಿನ್. ಹೆಸರು ಕೇಳಿ ನಗಬೇಡಿ. ಆ ಜೀನ್ ಮೊದಲು ಸಿಕ್ಕ ಅಮೆರಿಕದ ಹರ್ಷಿ ಊರಿನ 'ಕಿಸ್ಸಸ್' ಚಾಕೊಲೇಟಿನ ನೆನಪಿಗೆ ಇಟ್ಟದ್ದು. ಇನ್ಸುಲಿನ್ನಿಗೂ ಮೆದುಳಲ್ಲಿ ಪಾಲಿದೆ. ಮೆದುಳಲ್ಲಿ ಇನ್ಸುಲಿನ್ ಗ್ರಾಹಕ (ಅದರ ಸಂದೇಶ ಹಿಡಿಯುವ ಪ್ರೋಟೀನು) ಇಲ್ಲದ ಇಲಿಗಳನ್ನು 2000ದಲ್ಲಿ ಬೆಳೆಸಿ ನೋಡಿದಾಗ ಗಂಡುಗಳಲ್ಲಿ ವೀರ್ಯಾಣು ತಯಾರಿಕೆಯೇ ಕುಂಠಿತವಾಗಿತ್ತು.

ಮನೆಯಲ್ಲಿ ಅಕ್ಕಿ ಎಷ್ಟಿದೆ ಅಂತ ನೋಡಿ ಮದುವೆ ದಿನ ಗೊತ್ತು ಮಾಡುವ ಯಜಮಾನನ ಹಾಗೆ ಮೆದುಳು. ಖಾಲಿಯಿದ್ದರೆ ಮುಂದೂಡುತ್ತದೆ. 1944-45ರ ಮಿನ್ನೆಸೋಟ ಉಪವಾಸ ಪ್ರಯೋಗದಲ್ಲಿ 36 ಗಂಡಸರು ಅರೆಹೊಟ್ಟೆಯಲ್ಲಿದ್ದಾಗ ಕಾಮದ ಆಸೆಯೇ ಬತ್ತಿಹೋಗಿತ್ತು. ಹಾಗಾದರೆ ತುಂಬಿ ತುಳುಕಿದರೆ ಒಳ್ಳೆಯದಾಗಬೇಕಲ್ಲ? ಆಗುವುದಿಲ್ಲ. ಬೊಜ್ಜಿನಲ್ಲಿ ಲೆಪ್ಟಿನ್ ಜಾಸ್ತಿ ಇರುತ್ತದೆ, ಆದರೆ ಸದಾ ಕೂಗುವವನ ಮಾತಿಗೆ ಕಿವಿ ಮಂದವಾದ ಹಾಗೆ ಮೆದುಳು ಕೇಳಿಸಿಕೊಳ್ಳುವುದು ಕಡಿಮೆ. ಜೊತೆಗೆ ಕೊಬ್ಬಿನಲ್ಲಿರುವ ಅರೋಮಟೇಸ್ ಅನ್ನುವ ಕಿಣ್ವ ಟೆಸ್ಟೊಸ್ಟೆರಾನನ್ನು ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜನ್ ಮಾಡುತ್ತದೆ. ಇನ್ಸುಲಿನ್ ಏರಿದ್ದರೆ, ರಕ್ತದಲ್ಲಿ ಟೆಸ್ಟೊಸ್ಟೆರಾನನ್ನು ಹೊತ್ತೊಯ್ಯುವ ಪ್ರೋಟೀನನ್ನು ಲಿವರ್ ಕಡಿಮೆ ಮಾಡುತ್ತದೆ. ಆಗ ರಿಪೋರ್ಟಿನಲ್ಲಿ ಒಟ್ಟು ಟೆಸ್ಟೊಸ್ಟೆರಾನ್ ಅಂಕಿ ನಿಜಕ್ಕಿಂತ ಕೆಟ್ಟದಾಗಿ ಕಾಣುವುದೂ ಉಂಟು.

2004ರಲ್ಲಿ ಅಮೆರಿಕದ ಬಫೆಲೊದಲ್ಲಿ ಪರೇಶ್ ದಂಡೋನ ಅವರ ತಂಡ ಟೈಪ್-2 ಸಕ್ಕರೆ ಕಾಯಿಲೆಯ 103 ಗಂಡಸರನ್ನು ಪರೀಕ್ಷಿಸಿತು. ಮೂರರಲ್ಲಿ ಒಬ್ಬರಿಗೆ ಟೆಸ್ಟೊಸ್ಟೆರಾನ್ ಕಡಿಮೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಬೀಜ ಕೆಟ್ಟಿರಲಿಲ್ಲ, ಮೇಲಿನಿಂದ ಆಜ್ಞೆ ಬರುತ್ತಿರಲಿಲ್ಲ. ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಅಂದಿದೆ. ತೆಳ್ಳಗೆ ಕಾಣುವ ಭಾರತೀಯರಲ್ಲೂ ಒಳಕೊಬ್ಬು ಜಾಸ್ತಿ ಎಂದು ಪುಣೆಯ ಯಾಜ್ಞಿಕ್ ಮೊದಲೇ ತೋರಿಸಿದ್ದರು.

ಗೋಜಲು ಜಾಸ್ತಿಯಾಗುವುದು ಇಲ್ಲಿಂದ ಮುಂದೆ. ಅಂಕಿ ಕಡಿಮೆ ಇದೆ, ಸರಿ, ಚುಚ್ಚಿಬಿಡೋಣ ಅನ್ನುವುದು ಸುಲಭ. ನಿಜವಾದ ಕೊರತೆಯಿದ್ದು, ಮಕ್ಕಳ ಯೋಚನೆ ಇಲ್ಲದವರಿಗೆ ಅದರಿಂದ ಉಪಯೋಗವೂ ಇದೆ. ಆದರೆ ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದರೆ ಮೆದುಳು ಬೇಕಾದಷ್ಟಿದೆ ಅಂದುಕೊಂಡು ಆಜ್ಞೆ ನಿಲ್ಲಿಸುತ್ತದೆ, ವೀರ್ಯಾಣು ಕುಸಿಯುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೊಂದು ಟೆಸ್ಟೊಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು. ಫಲಿತಾಂಶ 1990ರಲ್ಲೇ ಪ್ರಕಟವಾಗಿದೆ. ಮಗು ಬೇಕು ಅಂತ ಬಂದವನಿಗೆ ಈ ಮಾತನ್ನು ಮೊದಲೇ ಹೇಳಬೇಕಲ್ಲವೇ? ಜಾಹೀರಾತುಗಳಲ್ಲಿ ಇದು ಕಾಣುವುದಿಲ್ಲ.

2022ರಲ್ಲಿ ಡೆನ್ಮಾರ್ಕಿನವರು ಬೇರೆ ದಾರಿ ನೋಡಿದರು. ಬೊಜ್ಜಿದ್ದ 56 ಗಂಡಸರಿಗೆ ಎಂಟು ವಾರ ಕಡಿಮೆ ಕ್ಯಾಲೊರಿಯ ಆಹಾರ. ತೂಕ ಸರಾಸರಿ 16.5 ಕೆಜಿ ಇಳಿಯಿತು, ವೀರ್ಯಾಣು ಸಾಂದ್ರತೆ ಸುಮಾರು ಒಂದೂವರೆ ಪಟ್ಟಾಯಿತು. ವರ್ಷದ ಮೇಲೆ ಮತ್ತೆ ಎಣಿಸಿದರು. ಇಳಿದ ತೂಕ ಮತ್ತೆ ಏರದಂತೆ ನೋಡಿಕೊಂಡವರಲ್ಲಿ ಲಾಭ ಉಳಿದಿತ್ತು, ಮಿಕ್ಕವರಲ್ಲಿ ಇರಲಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಹೀಗಾಗಿ ಈ ತಿಂಗಳು ಹೊಟ್ಟೆ ಇಳಿಸಲು ಹೊರಟವನು ಮುಂದಿನ ವಾರವೇ ಲ್ಯಾಬಿಗೆ ಹೋದರೆ ಸಿಗುವುದು ಹಳೆಯ ರಿಪೋರ್ಟೇ.